ಹಳೇ ಆಟದ ರೈಲು: ಸ್ಪ್ರೇ ಡಬ್ಬಿ ಮುಟ್ಟೋ ಮುಂಚೆ

ಪ್ರಶ್ನೆ: ಸರ್, ನಮ್ಮ ತಾತನ ಟ್ರಂಕಲ್ಲಿ ತಗಡಿನ ರೈಲು ಇಂಜಿನ್ ಒಂದು, ಬೋಗಿ ಮೂರು ಸಿಕ್ವು. ಕೀ ಕೊಟ್ರೆ ಓಡೋ ಥರದ್ದು, ಹಾರ್ನ್‌ಬಿ ಅಂತ ಬರೆದಿದೆ. ಅಲ್ಲಲ್ಲಿ ಬಣ್ಣ ಎದ್ದು ತುಕ್ಕು ಬಂದಿದೆ. ಪೂರ್ತಿ ಉಜ್ಜಿ ಸ್ಪ್ರೇ ಪೇಂಟ್ ಹೊಡೆದು ಶೋಕೇಸಲ್ಲಿ ಇಡೋಣ ಅಂತಿದೀನಿ, ಯಾವ ಪೇಂಟ್ ತಗೊಳ್ಳಲಿ?

ಉತ್ತರ: ಯಾವ್ದೂ ಬೇಡ. ನಿಮ್ಮ ಪತ್ರ ಓದಿ ನನಗೆ ಎದೆ ಧಸಕ್ ಅಂತು, ಇನ್ನೂ ಹೊಡೆದಿಲ್ಲ ತಾನೇ? ಲಿವರ್‌ಪೂಲ್‌ನ ಫ್ರಾಂಕ್ ಹಾರ್ನ್‌ಬಿ ಅವರು ಈ ಕೀಲಿ ರೈಲುಗಳನ್ನ ಶುರು ಮಾಡಿದ್ದು 1920ರಲ್ಲಿ, ಅದಕ್ಕೂ ಮುಂಚೆ ಅವರು ಮೆಕಾನೋ ಅನ್ನೋ ನಟ್ಟು-ಬೋಲ್ಟು ಹಾಕಿ ಜೋಡಿಸೋ ಆಟಿಕೆ ಮಾಡಿ ಹೆಸರಾಗಿದ್ರು. ಹಳಿ ಅಗಲ ಅಳೆದು ನೋಡಿ, 32 ಮಿಲಿಮೀಟರ್ ಇದ್ರೆ ಅದು ಓ ಗೇಜ್ ಅನ್ನೋ ಅಳತೆಯ ರೈಲು. ಈಗ ಬಣ್ಣದ ವಿಷ್ಯಕ್ಕೆ ಬರ್ತೀನಿ. ಆ ಕಾಲದ ಎಷ್ಟೋ ತಗಡಿನ ಆಟಿಕೆಗಳಲ್ಲಿ ಕಿಟಕಿ, ಗೆರೆ, ಅಕ್ಷರ ಎಲ್ಲಾನೂ ಮೊದ್ಲು ಚಪ್ಪಟೆ ತಗಡಿನ ಮೇಲೇ ಪ್ರಿಂಟ್ ಮಾಡಿ ಆಮೇಲೆ ಕತ್ತರಿಸಿ ಮಡಚ್ತಿದ್ರು, ಇದಕ್ಕೆ ಲಿಥೋ ಅಂತಾರೆ, ಒಂದ್ಸಲ ಉಜ್ಜಿ ಹೋದ್ರೆ ಅದನ್ನ ಬ್ರಷ್ ಹಿಡಿದು ವಾಪಸ್ ತರೋಕೆ ಯಾರ ಕೈಲೂ ಆಗಲ್ಲ. ಹೊಸ ಪೇಂಟ್ ಹೊಡೆದ ಇಂಜಿನ್ನಿಗಿಂತ ಬಣ್ಣ ಎದ್ದಿರೋ ಒರಿಜಿನಲ್ ಇಂಜಿನ್ನನ್ನೇ ಸಂಗ್ರಹಕಾರರು ಹುಡುಕೋದು.

ಮತ್ತೆ ಕ್ಲೀನ್ ಮಾಡೋದು ಹೆಂಗೆ ಅಂದ್ರೆ, ಮೊದ್ಲು ಮೆತ್ತನೆ ಬ್ರಷ್ಷಲ್ಲಿ ಒಣ ಧೂಳು ತೆಗೀರಿ. ಆಮೇಲೆ ಸೌಮ್ಯವಾದ ಸೋಪಿನ ನೀರಲ್ಲಿ ಹತ್ತಿ ಅದ್ದಿ ಚೆನ್ನಾಗಿ ಹಿಂಡಿ, ಕೆಳಭಾಗದಲ್ಲಿ ಯಾರಿಗೂ ಕಾಣದ ಕಡೆ ಒಂಚೂರು ಒರೆಸಿ ನೋಡಿ, ಹತ್ತಿಗೆ ಬಣ್ಣ ಹತ್ತಿದ್ರೆ ಅಲ್ಲಿಗೇ ನಿಲ್ಸಿಬಿಡಿ. ಥಿನ್ನರ್, ಸ್ಪಿರಿಟ್ ಹತ್ರಕ್ಕೂ ತರಬೇಡಿ. ಇದನ್ನ ಯಾಕಿಷ್ಟು ಒತ್ತಿ ಹೇಳ್ತೀನಿ ಅಂದ್ರೆ ಹೊಸದ್ರಲ್ಲಿ ನಾನೇ ಒಂದು ಇಂಜಿನ್ನಿನ ಪಕ್ಕಾನ ಸ್ಪಿರಿಟ್ ಹಾಕಿ ಒರೆಸಿದ್ದೆ, ಕೊಳೆ ಜೊತೆ ನಂಬರೂ ಬಟ್ಟೆಗೆ ಬಂತು. ಆ ಬೋಳು ಇಂಜಿನ್ ಇವತ್ತಿಗೂ ನನ್ನ ಮೇಜಿನ ಮೇಲಿದೆ.

ತುಕ್ಕಿಗೆ ಸ್ಯಾಂಡ್‌ಪೇಪರ್ ಬೇಡ, ಹಳೇ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆ ಜಾಸ್ತಿ, ಆ ಪುಡಿ ಉಸಿರಲ್ಲಿ ಒಳಗೆ ಹೋಗಬಾರ್ದು. ತುಕ್ಕಿರೋ ಜಾಗಕ್ಕೆ ಮಾತ್ರ ತೆಳು ಎಣ್ಣೆ ಒಂದು ಹನಿ ಮುಟ್ಟಿಸಿ, ಒಂದು ದಿನ ಬಿಟ್ಟು ಒರೆಸಿ, ಅದರಿಂದಲೇ ಅದು ಹಬ್ಬೋದು ನಿಧಾನ ಆಗತ್ತೆ. ಸ್ಪ್ರಿಂಗ್ ಇರೋ ಪೆಟ್ಟಿಗೆ ಬಿಚ್ಚೋಕೆ ಹೋಗ್ಬೇಡಿ, ಒಳಗಿರೋ ಉಕ್ಕಿನ ಪಟ್ಟಿ ಚಿಮ್ಮಿದ್ರೆ ಕೈ ಕುಯ್ದುಬಿಡತ್ತೆ. ಗೇರಿನ ಅಚ್ಚುಗಳಿಗೆ ಒಂದೊಂದು ಹನಿ ಸಾಕು. ಇನ್ನೊಂದು, ಕೀ ಕೊಟ್ಟು ಹಾಗೇ ಎತ್ತಿಡಬೇಡಿ, ಪೂರ್ತಿ ಓಡಿ ನಿಂತಮೇಲೆ ಇಡಿ.

ಹಾಗಂತ ಪೇಂಟ್ ಮಾಡೋದೇ ಪಾಪ ಅಂತಲ್ಲ. ಯಾರೋ ಮುಂಚೇನೇ ಬಳಿದು ಹಾಳು ಮಾಡಿರೋದು, ತುಕ್ಕು ತಿಂದು ತೂತು ಬಿದ್ದಿರೋದು ಇದ್ರೆ ಧಾರಾಳವಾಗಿ ಮಾಡಿ, ಆದ್ರೆ ಯಾವಾಗ ಏನು ಬದಲಾಯ್ಸಿದ್ರಿ ಅಂತ ಒಂದು ಚೀಟೀಲಿ ಬರೆದು ಜೊತೇಲೇ ಇಡಿ. ಮುಂದೆ ಅದನ್ನ ಕೊಳ್ಳೋರಿಗೆ ಅದು ಗೊತ್ತಾಗ್ಬೇಕು.

ಪ್ರಶ್ನೆ: 1930ರ ದಶಕದ ಇಂಜಿನ್ ಒಂದು ತಗೊಂಡೆ. ಬಾಡಿ ಚೆನ್ನಾಗಿದೆ, ಆದ್ರೆ ಚಕ್ರಗಳು ಒಣಗಿದ ಮಣ್ಣಿನ ಥರ ಬಿರುಕು ಬಿಟ್ಟು ಉದುರ್ತಿವೆ. ಗಮ್ ಹಾಕಿ ಅಂಟಿಸಬಹುದಾ? ಬೇರೆ ಇಂಜಿನ್ನಿಗೂ ಹರಡತ್ತಾ?

ಉತ್ತರ: ಗಮ್ ದಂಡ. ಇದು ಸತುವಿನ ರೋಗ, ಬ್ರಿಟನ್ ಕಡೆಯ ಸಂಗ್ರಹಕಾರರು ಮಜಾಕ್ ರಾಟ್ ಅಂತಾರೆ. ಆಗ ಚಕ್ರಗಳನ್ನ ಮಜಾಕ್ ಅನ್ನೋ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ತಿದ್ರು, ಅದರೊಳಗೆ ಒಂಚೂರು ಸೀಸ ಸೇರಿಬಿಟ್ರೂ ಸಾಕು, ಲೋಹದ ಕಣಕಣದ ನಡುವೆ ಒಳಗಿಂದ್ಲೇ ಸವೆತ ಶುರುವಾಗಿ ವರ್ಷಗಟ್ಲೆ ಮೆಲ್ಲಗೆ ಊದ್ಕೊಂಡು ಕೊನೆಗೆ ಪುಡಿಯಾಗತ್ತೆ. ತಪ್ಪು ಎರಕ ಹೊಯ್ದ ದಿನಾನೇ ಆಗಿಹೋಗಿದೆ, ಈಗ ವಾಪಸ್ ಸರಿ ಮಾಡೋ ಔಷಧಿ ಇಲ್ಲ, ತೇವ ಮತ್ತೆ ಬಿಸಿ ಕಮ್ಮಿ ಇದ್ರೆ ನಿಧಾನ ಆಗತ್ತೆ ಅಷ್ಟೆ. ಅಂಟುರೋಗ ಮಾತ್ರ ಅಲ್ಲ, ಪಕ್ಕದಲ್ಲಿಟ್ರೆ ಹರಡಲ್ಲ. ಅದೇ ಲೋಹದಲ್ಲಿ ಮಾಡಿದ ಇನ್ನೊಂದು ಇಂಜಿನ್ನೂ ಹಾಳಾಗೋದನ್ನ ನೋಡಿ ಜನ ಹಂಗಂದ್ಕೋತಾರೆ. ಆದ್ರೆ ಊದ್ಕೊಂಡ ಭಾಗ ತನ್ನ ಸುತ್ತ ಇರೋ ಒಳ್ಳೇ ತಗಡನ್ನೂ ಒತ್ತಿ ಸೊಟ್ಟ ಮಾಡತ್ತೆ, ಅದಕ್ಕೇ ಬೇಗ ಬಿಚ್ಚಿ ತೆಗೀರಿ. ಹೊಸದಾಗಿ ಎರಕ ಹೊಯ್ದ ಬದಲಿ ಚಕ್ರ ಸಿಗ್ತವೆ, ಹಾಕೊಳ್ಳಿ, ಹಳೇ ಚೂರುಗಳನ್ನ ಕವರಲ್ಲಿ ಹಾಕಿ ಹೆಸರು ಬರೆದಿಡಿ.

ಪ್ರಶ್ನೆ: ಹಾರ್ನ್‌ಬಿ ಡಬ್ಲೋ ಇಂಜಿನ್ ಮೋಟಾರ್ ಬಿಚ್ಚಿ ಕ್ಲೀನ್ ಮಾಡಿ ವಾಪಸ್ ಜೋಡಿಸಿದೆ. ಈಗ ಖಾಲಿ ಇಂಜಿನ್ ಜೋರಾಗಿ ಓಡತ್ತೆ, ಎರಡು ಬೋಗಿ ಸಿಕ್ಕಿಸಿದ್ರೆ ಏದುಸಿರು ಬಿಡತ್ತೆ, ಮೋಟಾರ್ ಸುಡತ್ತೆ. ಏನ್ ತಪ್ಪು ಮಾಡ್ದೆ?

ಉತ್ತರ: ಆರ್ಮೇಚರ್, ಅಂದ್ರೆ ಮೋಟಾರ್ ಒಳಗೆ ತಿರುಗೋ, ಕಬ್ಬಿಣಕ್ಕೆ ತಂತಿ ಸುತ್ತಿರೋ ಭಾಗ, ಹೊರಗೆ ತೆಗೆದ್ರಿ, ಅದೇ. ಡಬ್ಲೋ ಅಂದ್ರೆ ಹಾರ್ನ್‌ಬಿಯವರ ಚಿಕ್ಕ ಅಳತೆಯ ರೈಲು, 1938ರಲ್ಲಿ ಬಂದಿದ್ದು, 12 ವೋಲ್ಟ್ ಡಿಸಿ, ಒಳಗೆ ಶಾಶ್ವತ ಮ್ಯಾಗ್ನೆಟ್. ಆ ಕಾಲದ ಮ್ಯಾಗ್ನೆಟ್ಟುಗಳ ನಡುವೆ ಯಾವಾಗ್ಲೂ ಕಬ್ಬಿಣ ಇರ್ಬೇಕು, ಆರ್ಮೇಚರ್ ಎಳೆದ ಕೂಡ್ಲೇ ಶಕ್ತಿ ಸೋರಿಹೋಗತ್ತೆ. ಮ್ಯಾಗ್ನೆಟ್ ಸೋತ್ರೆ ಮೋಟಾರ್ ಖಾಲಿ ಇದ್ದಾಗ ಮುಂಚಿಗಿಂತ ಜೋರಾಗಿ ಓಡತ್ತೆ, ಎಳೆಯೋ ದಮ್ಮು ಇರಲ್ಲ, ಕರೆಂಟ್ ಜಾಸ್ತಿ ಕುಡಿಯತ್ತೆ, ನೀವು ಬರೆದಿರೋ ಲಕ್ಷಣ ಪೂರ್ತಿ ಇದೇ. ಹಳೇ ರೈಲು ರಿಪೇರಿ ಮಾಡೋರ ಹತ್ರ ಮತ್ತೆ ಮ್ಯಾಗ್ನೆಟೈಸ್ ಮಾಡೋ ಯಂತ್ರ ಇರತ್ತೆ, ಮೋಟಾರ್ ಜೋಡಿಸಿರೋ ಹಾಗೇ ಕೊಟ್ಟು ಮಾಡಿಸ್ಕೊಳ್ಳಿ, ಬಿಚ್ಚಿ ಮ್ಯಾಗ್ನೆಟ್ ಮಾತ್ರ ಕೊಟ್ರೆ ವಾಪಸ್ ಜೋಡಿಸೋ ಅಷ್ಟರಲ್ಲಿ ಮತ್ತೆ ಸೋತಿರತ್ತೆ. ಮುಂದೆ ಕ್ಲೀನಿಂಗಿಗೆ ಬಿಚ್ಚೋದೇ ಬೇಡ, ಕಮ್ಯುಟೇಟರ್, ಅಂದ್ರೆ ಆರ್ಮೇಚರಿಗೆ ಕರೆಂಟ್ ಮುಟ್ಟಿಸೋ ತಾಮ್ರದ ಭಾಗದ ಮುಖವನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿ ಕಡ್ಡೀಲಿ ಒರೆಸಿದ್ರೆ ಸಾಕು, ಬಣ್ಣದ ಬಾಡಿಗೆ ತಾಗಿಸ್ಬೇಡಿ. ಸ್ಟೀಲ್ ವೂಲ್ ಅಂತೂ ದೂರ ಇಡಿ, ಅದರ ಎಳೆ ಮ್ಯಾಗ್ನೆಟ್ಟಿಗೆ ಹೋಗಿ ಅಂಟ್ಕೊಂಡ್ರೆ ಶಾರ್ಟ್ ಆಗತ್ತೆ.

ಪ್ರಶ್ನೆ: ರೈಲುಗಳನ್ನ ಸ್ಪಾಂಜ್ ಹಾಕಿದ ಡಬ್ಬೀಲಿ ಅಟ್ಟದ ಮೇಲೆ ಇಟ್ಟಿದೀನಿ, ಸರೀನಾ?

ಉತ್ತರ: ಎರಡೂ ತಪ್ಪು. ಸ್ಪಾಂಜ್ ಹಳೇದಾದಂಗೆ ಅಂಟಂಟಾಗಿ ಕರಗಿ ಬಣ್ಣಕ್ಕೆ ಮೆತ್ಕೊಳತ್ತೆ, ಅಟ್ಟ ಒಂದಿನ ಕಾಯತ್ತೆ ಒಂದಿನ ತಣ್ಣಗಾಗತ್ತೆ. ಆಸಿಡ್ ಇಲ್ಲದ ಟಿಶ್ಯೂ ಪೇಪರಲ್ಲಿ ಸುತ್ತಿ, ಮನೆಯೊಳಗೆ ಬಿಸಿಲು ಬೀಳದ ಕಪಾಟಲ್ಲಿ ಇಡಿ, ತೇವ ಶೇ. 40ರಿಂದ 50ರ ಆಸುಪಾಸು ಇದ್ರೆ ಒಳ್ಳೇದು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಒರಿಜಿನಲ್ ರಟ್ಟಿನ ಡಬ್ಬಿ ಇದ್ರೆ ಹರಿದಿದ್ರೂ ಎಸೀಬೇಡಿ, ಸೆಲೋಟೇಪ್ ಹಚ್ಚಬೇಡಿ, ಡಬ್ಬಿ ಇರೋ ಇಂಜಿನ್ನಿನ ಗತ್ತೇ ಬೇರೆ.

ಪ್ರಶ್ನೆ: ರೈಲಿನ ಜೊತೆ ಬಂದ ಹಳೇ ಟ್ರಾನ್ಸ್‌ಫಾರ್ಮರ್ ಪ್ಲಗ್ ಹಾಕಿ ನೋಡ್ಲಾ?

ಉತ್ತರ: ಬೇಡ. ವೈರಿನ ರಬ್ಬರ್ ಗಟ್ಟಿಯಾಗಿ ಒಡೆದಿರತ್ತೆ, ಎಷ್ಟೋದಕ್ಕೆ ಹೊರಗಿನ ಡಬ್ಬಿ ಲೋಹದ್ದು, ಅರ್ಥಿಂಗೇ ಇರಲ್ಲ, ಮುಟ್ಟಿದ್ರೆ ಶಾಕು. ಅದನ್ನ ನೋಡೋಕೆ ಇಟ್ಕೊಳ್ಳಿ, ಓಡಿಸೋಕೆ ಹೊಸ ಕಂಟ್ರೋಲರ್ ತಗೊಳ್ಳಿ. ತಗೊಳ್ಳೋ ಮುಂಚೆ ಇಂಜಿನ್ ಯಾವ್ದು ಅಂತ ನೋಡಿ, ಡಬ್ಲೋಗೆ ಡಿಸಿ ಬೇಕು, ಮಾರ್ಕ್‌ಲಿನ್ ಅನ್ನೋ ಜರ್ಮನ್ ಕಂಪನಿಯ ಹಳೇ, ಓ ಗೇಜಿನ ಸುಮಾರು ಅರ್ಧ ಅಳತೆಯ ಹೆಚ್‌ಓ ಇಂಜಿನ್ನುಗಳಿಗೆ 16 ವೋಲ್ಟ್ ಎಸಿ. ಡಬ್ಲೋಗೆ ಎಸಿ ಕೊಟ್ರೆ ನಿಂತಲ್ಲೇ ಗುಂಯ್ ಅಂತ ನಡುಗಿ ಬಿಸಿಯಾಗತ್ತೆ, ತಕ್ಷಣ ಸ್ವಿಚ್ ಆಫ್ ಮಾಡಿ.