ಮೊದಲೊಂದು ಪುಟ್ಟ ಕಥೆ ಯಾಕೆ?

ನಮಸ್ಕಾರ. ಕಳೆದ ಸಂಚಿಕೆಯ ಚೀನೀ ಕಥೆ, ಅದೇ ಗಣಿಕೆಯೊಬ್ಬಳಿಗೆ ಮನಸೋತ ಎಣ್ಣೆ ಮಾರುವ ಹುಡುಗನದು, ಓದಿ ಎರಡು ಪ್ರಶ್ನೆ ಕೇಳಿದ್ದೀರಿ. ಹುಡುಗ ಬರುವ ಮೊದಲೇ ಬೇರೆ ಯಾರದೋ ಪುಟ್ಟ ಕಥೆ ಯಾಕೆ? ಪ್ರೇಮಕಥೆಯಲ್ಲಿ ಇಷ್ಟೊಂದು ದುಡ್ಡಿನ ಲೆಕ್ಕ ಯಾಕೆ? ಎರಡಕ್ಕೂ ನನ್ನ ಉತ್ತರ ಒಂದೇ: ಆ ಕಥೆ ಬೆಳೆದದ್ದು ಪೇಟೆಯಲ್ಲಿ.

ಟಾಂಗ್ ಅರಸರ ರಾಜಧಾನಿ ಚಾಂಗಾನ್‌ನಲ್ಲಿ ಕತ್ತಲಾದರೆ ಕೇರಿಗಳ ಬಾಗಿಲು ಮುಚ್ಚುತ್ತಿದ್ದರು. ಅವರ ನಂತರ ಬಂದ ಸಾಂಗ್ ಅರಸರ ರಾಜಧಾನಿ ಕೈಫೆಂಗ್‌ನಲ್ಲಿ ಆ ಬಿಗಿ ಹೋಯಿತು. ಅಂಗಡಿಗಳು ಬೀದಿಗೆ ತೆರೆದವು, ರಾತ್ರಿ ಸಂತೆ ಕೂಡಿತು. ದುಡಿದು ದಣಿದವರಿಗೆ ಸಂಜೆ ಹೋಗಲು ಆಟ, ಹಾಡು, ಕಥೆಗಳ ಬಿಡಾರಗಳು ಬಂದವು. ಆ ಊರು 1127ರಲ್ಲಿ ಉತ್ತರದಿಂದ ಬಂದ ಜಿನ್ ಸೈನ್ಯದ ಪಾಲಾಯಿತು. ಆಮೇಲೆ ಮೆಂಗ್ ಯುವಾನ್‌ಲಾವ್ ಎಂಬಾತ ಅದನ್ನು ನೆನೆದು ಬರೆದ ಪುಸ್ತಕದಲ್ಲಿ ಕಥೆಗಾರರ ಹೆಸರುಗಳೂ ಇವೆ. ಹುವೋ ಸಿಜಿಯು ಮೂರು ರಾಜ್ಯಗಳ ಕಥೆಗೆ ಹೆಸರಾದವನು, ಯಿನ್ ಚಾಂಗ್‌ಮಾಯ್ ಐದು ರಾಜವಂಶಗಳ ಕಥೆಗೆ. ಒಂದೇ ಕಥೆ ಹಿಡಿದು ಹೊಟ್ಟೆ ಹೊರೆಯಬೇಕಾದರೆ ಕೇಳುವ ಜನ ಎಷ್ಟಿದ್ದಿರಬೇಕು! ಕಾಟ ಕೊಡುವ ಮಕ್ಕಳ ಕೈಗೆ ಕಾಸು ಕೊಟ್ಟು ಕಥೆಗೆ ಕಳಿಸುತ್ತಿದ್ದರಂತೆ. ಮೂರು ರಾಜ್ಯಗಳ ಕಥೆಯ ನಾಯಕ ಲಿಯು ಬೇ ಸೋತರೆ ಆ ಮಕ್ಕಳು ಅಳುತ್ತಿದ್ದರು, ಅವನ ಎದುರಾಳಿ ಸಾವ್ ಸಾವ್ ಸೋತರೆ ಕುಣಿಯುತ್ತಿದ್ದರು. ಕವಿ ಸು ಶಿ ಇದನ್ನು ಬರೆದಿಟ್ಟಿದ್ದಾನೆ.

ಸಂತೆಗೆ ಬಂದವರು ಒಟ್ಟಿಗೇ ಬರುವುದಿಲ್ಲ ಅಲ್ವಾ? ಜನ ಸೇರುವ ತನಕ ಕಥೆಗಾರ ಸಣ್ಣದೊಂದು ಕಥೆ ಹೇಳುತ್ತಿದ್ದ, ಆಮೇಲೆ ದೊಡ್ಡದು. ನಿಮ್ಮ ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ವಿವರಣೆ ಇದೇ. ಸುಜೌ ನಗರದ ಬರಹಗಾರ ಫೆಂಗ್ ಮೆಂಗ್‌ಲಾಂಗ್ 1627ರಲ್ಲಿ ಈ ಕಥೆಯನ್ನು ಅಚ್ಚು ಹಾಕಿಸಿದಾಗ ಮನೆಯಲ್ಲಿ ಕೂತು ಓದುವವರಿಗೆ ಆ ಮೊದಲ ಪುಟ್ಟ ಕಥೆಯ ಅಗತ್ಯವಿರಲಿಲ್ಲ. ಆದರೂ ಉಳಿಸಿಕೊಂಡ.

ಇನ್ನು ದುಡ್ಡು. ನನಗೆ ಕಥೆಯಲ್ಲಿ ಜಾಸ್ತಿ ಹಿಡಿಸಿದ್ದೇ ಅದು. ಹಾಂಗ್‌ಜೌದ ಪ್ರಸಿದ್ಧ ಗಣಿಕೆಯ ಜೊತೆ ಒಂದು ರಾತ್ರಿಗೆ ಹತ್ತು ಲಿಯಾಂಗ್ ಬೆಳ್ಳಿ (ಲಿಯಾಂಗ್ ಎಂದರೆ ಚೀನೀ ತೂಕ, ಸುಮಾರು ಮೂರು ತೊಲ). ಹುಡುಗ ದಿನವೂ ಚೂರು ಚೂರು ಉಳಿಸಿ ವರ್ಷಕ್ಕೂ ಮೀರಿ ಕೂಡಿಡುತ್ತಾನೆ. ಕೇಳುವವರೂ ಕಾಸು ಎಣಿಸಿ ಬದುಕುವವರೇ, ಆ ಹತ್ತರ ಭಾರ ಅವರಿಗೆ ಗೊತ್ತು. ಅದಕ್ಕೇ ಕುಡಿದು ಬಂದ ಅವಳು ವಾಂತಿ ಮಾಡಿಕೊಳ್ಳುವಾಗ ಅವನು ತನ್ನ ಅಂಗಿಯ ತೋಳನ್ನು ಒಡ್ಡುವುದು ಅಷ್ಟು ತಟ್ಟುತ್ತದೆ. ಲೆಕ್ಕ ಬಿಟ್ಟರೆ ಅವನ ಪ್ರೀತಿಯ ಅಳತೆಯೇ ಸಿಗುವುದಿಲ್ಲ. ಕೊನೆಗೆ ಅವಳೂ ತಾನು ಗುಟ್ಟಾಗಿ ಕೂಡಿಟ್ಟ ಹಣದಿಂದಲೇ ಬಿಡುಗಡೆ ಪಡೆದು ಅವನನ್ನು ಮದುವೆಯಾಗುತ್ತಾಳೆ.

ಮುಂದಿನ ಸಂಚಿಕೆಯಲ್ಲಿ ಫೆಂಗ್ ಅಚ್ಚು ಹಾಕಿಸಿದ ಅದೇ ಕಥಾಸಂಗ್ರಹದ ಇನ್ನೊಂದು ಕಥೆ ಬರುತ್ತದೆ. ಬೀದಿಯಲ್ಲಿ ಸಿಕ್ಕ ಬೆಳ್ಳಿಯನ್ನು ಕಳೆದುಕೊಂಡವನಿಗೇ ಮರಳಿಸುವ ರೇಷ್ಮೆ ನೇಕಾರನದು. ಅದಕ್ಕೂ ಮೊದಲೊಂದು ಪುಟ್ಟ ಕಥೆ ಇದೆ, ಕತ್ತರಿಸದೆ ಹಾಕುತ್ತೇವೆ.

— ಸಂಪಾದಕ