8 ಜಿಬಿ ಲ್ಯಾಪ್‌ಟಾಪಿನಲ್ಲಿ ಎಐ ಓಡುತ್ತಾ?

ಪ್ರಶ್ನೆ: ನಮ್ಮದು ಕಾಫಿ ತೋಟ. ಜುಲೈ ಮಳೆ ಹಿಡಿದರೆ ನೆಟ್‌ವರ್ಕ್ ಇರುವುದಿಲ್ಲ. ತೋಟದ ಟಿಪ್ಪಣಿಗಳನ್ನು ಚಿಕ್ಕದಾಗಿ ಬರೆಸಲು ಎಐ ಬೇಕು. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇಂಟರ್ನೆಟ್ ಇಲ್ಲದೆ ಓಡಿಸಬಹುದಾ ಸಾರ್?
– ಓದುಗರು, ಸೋಮವಾರಪೇಟೆ

ಉತ್ತರ: ಓಡಿಸಬಹುದು, ಆಸೆ ಸ್ವಲ್ಪ ಕಡಿಮೆ ಇರಲಿ. ಎಐನ ಮಿದುಳು ಅನ್ನಬಹುದಾದ ಫೈಲೇ ಮಾಡೆಲ್, ಅದು ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳೇ ಪ್ಯಾರಾಮೀಟರ್. 700 ಕೋಟಿ ಪ್ಯಾರಾಮೀಟರಿನ ಮಾಡೆಲ್ 16 ಬಿಟ್‌ನಲ್ಲಿ ಸುಮಾರು 14 ಜಿಬಿ ತೂಗುತ್ತದೆ. ಒಂದೊಂದು ಸಂಖ್ಯೆಯನ್ನೂ 4 ಬಿಟ್‌ಗೆ ಇಳಿಸಿದರೆ 4 ಜಿಬಿ ಚಿಲ್ಲರೆ. ಇದೇ ಕ್ವಾಂಟೈಸೇಶನ್. 4 ಬಿಟ್‌ನಲ್ಲಿ ಗುಣಮಟ್ಟ ಇಳಿದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. 2 ಬಿಟ್‌ಗೆ ಹೋದರೆ ಎಡವಟ್ಟು ಜಾಸ್ತಿ.

ಆದರೆ ವಿಂಡೋಸ್‌ಗೂ ಜಾಗ ಬೇಕು ಅಲ್ವಾ? ನೀವು ಕೊಡುವ ಟಿಪ್ಪಣಿ ಉದ್ದವಾದಷ್ಟೂ ರ‍್ಯಾಮ್ ತಿನ್ನುತ್ತದೆ. ಅದಕ್ಕೇ ನಿಮಗೆ ನಾನು ಹೇಳುವುದು 300–400 ಕೋಟಿಯ ಮಾಡೆಲ್, 4 ಬಿಟ್. ಸುಮಾರು ಎರಡೂವರೆ ಜಿಬಿಯಲ್ಲಿ ಮುಗಿಯುತ್ತದೆ. ವೇಗವೂ ಸಿಗುತ್ತದೆ. ಒಂದೊಂದು ಟೋಕನ್ (ಪದ ಅಥವಾ ಪದದ ತುಂಡು) ಬರೆಯಲೂ ಇಡೀ ಮಾಡೆಲನ್ನು ರ‍್ಯಾಮ್‌ನಿಂದ ಓದಬೇಕು, ನಿಧಾನವಾಗುವುದು ಅಲ್ಲೇ. ಒಂದೇ ರ‍್ಯಾಮ್ ಕಡ್ಡಿ ಇದ್ದು, ಇನ್ನೊಂದಕ್ಕೆ ಸ್ಲಾಟ್ ಖಾಲಿ ಇದ್ದರೆ ಮೊದಲು ಅದನ್ನು ತುಂಬಿ, ಎರಡರಿಂದಲೂ ಒಟ್ಟಿಗೆ ಓದಿದರೆ ವೇಗ ಹೆಚ್ಚುತ್ತದೆ. ಹೊಸ ಪ್ರೊಸೆಸರಿಗೆ ಸುಮ್ನೆ ದುಡ್ಡು ಹಾಕಬೇಡಿ.

ಜಾರ್ಜಿ ಗೆರ್ಗಾನೊವ್ 2023ರಲ್ಲಿ ಶುರು ಮಾಡಿದ ಲಾಮಾ.ಸಿಪಿಪಿ (llama.cpp) ಅನ್ನುವ, ಮಾಡೆಲ್ ಓಡಿಸುವ ಸಾಫ್ಟ್‌ವೇರ್ ಉಚಿತ. ಅದಕ್ಕೆ ಜಿಜಿಯುಎಫ್ (GGUF) ರೂಪದ ಮಾಡೆಲ್ ಫೈಲು ಕೊಟ್ಟರೆ ಬರೀ ಸಿಪಿಯುನಲ್ಲೇ ಓಡುತ್ತದೆ. ಕನ್ನಡದ ಪದಗಳು ಹೆಚ್ಚು ತುಂಡುಗಳಾಗುವುದರಿಂದ ಇಂಗ್ಲಿಷಿಗಿಂತ ನಿಧಾನ. ಸಣ್ಣ ಮಾಡೆಲುಗಳ ಕನ್ನಡವೂ ಅಷ್ಟಕ್ಕಷ್ಟೆ. ಕೂಲಿ ಲೆಕ್ಕ, ಮೆಣಸಿನ ಚೀಲದ ಲೆಕ್ಕವನ್ನಂತೂ ಇದರ ಕೈಗೆ ಕೊಡಬೇಡಿ, ಅದಕ್ಕೆ ಎಕ್ಸೆಲ್ ಇದೆ. ಫೈಲನ್ನು ಮಳೆಗೆ ಮೊದಲೇ ಇಳಿಸಿಟ್ಟುಕೊಳ್ಳಿ.