ಓದುಗರ ಪ್ರಶ್ನೆ, ಸಂಕಲನಕಾರರ ಉತ್ತರ: ಚಿತ್ರಕ್ಕೂ ಧ್ವನಿಗೂ ಹೊಂದಿಕೆ ತಪ್ಪುವುದೇಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ದೂರನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತವೆ. ಅದಕ್ಕೆ ಹಿಂದೆಯೂ ಉತ್ತರಿಸಿದ್ದೇನೆ. ಆದರೂ ತಪ್ಪು ಸಲಹೆ ನಂಬಿ ದುಡ್ಡನ್ನೂ ಮೂಲ ಕಡತಗಳನ್ನೂ ಕಳೆದುಕೊಂಡವರ ಪತ್ರಗಳು ನಿಂತಿಲ್ಲವಾದ್ದರಿಂದ ಈ ಬಾರಿ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮೂರಿನ ಯಕ್ಷಗಾನವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಧ್ವನಿಯನ್ನು ಬೇರೆ ರೆಕಾರ್ಡರ್‌ನಲ್ಲಿ ದಾಖಲಿಸಿಕೊಂಡೆ. ಆರಂಭದಲ್ಲಿ ಎರಡೂ ಕೂಡುತ್ತವೆ, ಮುಂದೆ ತಪ್ಪುತ್ತವೆ. ಸ್ಯಾಂಪಲ್ ರೇಟ್ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸುತ್ತದೆ ಎಂಬ ಲೆಕ್ಕ) ಬದಲಿಸಿ ಎಂದು ಒಬ್ಬರು, ಹೊಸ ಕಂಪ್ಯೂಟರ್ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಎರಡನ್ನೂ ಮಾಡಬೇಡಿ. ಕಂಪ್ಯೂಟರ್ ನಿಧಾನವಾದರೆ ಚಿತ್ರ ತಡವರಿಸೀತೇ ಹೊರತು, ಸಿದ್ಧವಾದ ಕಡತದಲ್ಲಿ ಧ್ವನಿ ಜಾರುವುದಿಲ್ಲ. ಸ್ಯಾಂಪಲ್ ರೇಟಿನ ಮಾತೂ ಅಷ್ಟೇ. 48 ಕಿಲೋಹರ್ಟ್ಜ್‌ನಲ್ಲಿ ದಾಖಲಾದ ಧ್ವನಿಯನ್ನು ತಂತ್ರಾಂಶ 44.1 ಎಂದು ತಪ್ಪಾಗಿ ಓದಿದರೆ ಒಂದು ಗಂಟೆಯ ಹಾಡುಗಾರಿಕೆ 65 ನಿಮಿಷಕ್ಕೆ ಹಿಗ್ಗುತ್ತದೆ, ಭಾಗವತರ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಕೆಳಗಿಳಿಯುತ್ತದೆ. ಇದು ಮೊದಲ ಪದ್ಯದಲ್ಲೇ ಕಿವಿಗೆ ಹೊಡೆಯುವ ದೋಷ. ನಿಮ್ಮ ದೂರು ಇದಲ್ಲ.

ನೀವು ಬರೆಯದೆ ಬಿಟ್ಟ, ಇಂಥ ಪತ್ರ ಬರೆದವರಲ್ಲಿ ಹೆಚ್ಚಿನವರು ಬಿಟ್ಟಿರುವ ಸಂಗತಿಯೊಂದಿದೆ: ಆ ವ್ಯತ್ಯಾಸ ಹೇಗೆ ನಡೆದುಕೊಳ್ಳುತ್ತದೆ? ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿದೆಯೇ, ಸಮನಾಗಿ ಬೆಳೆಯುತ್ತದೆಯೇ, ಅಥವಾ ಒಂದೆಡೆ ಹೆಚ್ಚಿ ಇನ್ನೊಂದೆಡೆ ತಗ್ಗುತ್ತದೆಯೇ? ಮೂರಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಅಳೆಯುವುದು ಕಷ್ಟವಲ್ಲ. ಯಕ್ಷಗಾನದಲ್ಲಂತೂ ಚೆಂಡೆಗಿಂತ ಒಳ್ಳೆಯ ಕ್ಲ್ಯಾಪ್ ಬೋರ್ಡ್ (ಚಿತ್ರ-ಧ್ವನಿ ಹೊಂದಿಸಲು ತಟ್ಟುವ ಹಲಗೆ) ಬೇಕಿಲ್ಲ. ಕೋಲು ಚರ್ಮಕ್ಕೆ ತಾಗುವ ಫ್ರೇಮನ್ನು, ಅಂದರೆ ಆ ಕ್ಷಣದ ಒಂದು ಬಿಡಿಚಿತ್ರವನ್ನು, ವಿಡಿಯೊದಲ್ಲಿ ಹುಡುಕಿ, ರೆಕಾರ್ಡರ್‌ನ ಧ್ವನಿಯ ಗೆರೆಯಲ್ಲಿ ಅದೇ ಪೆಟ್ಟು ಎಬ್ಬಿಸಿದ ಚೂಪಾದ ಮೊನೆಯನ್ನು ಗುರುತಿಸಿ, ನಡುವೆ ಎಷ್ಟು ಫ್ರೇಮಿನ ಅಂತರವಿದೆ ಎಂದು ಎಣಿಸಿ. ಆರಂಭದಲ್ಲಿ, ನಡುವೆ ಎರಡು ಮೂರು ಕಡೆ ಮತ್ತು ಕೊನೆಯಲ್ಲಿ ಹೀಗೆ ಎಣಿಸಿ ಕಾಗದದಲ್ಲಿ ಬರೆದುಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಅಂತರ ಎಲ್ಲೆಡೆ ಒಂದೇ ಆಗಿದ್ದರೆ ಅದು ದೂರದಿಂದ ಬಂದದ್ದು. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮಿನ ಅವಧಿಗೆ 13–14 ಮೀಟರ್ ಮಾತ್ರ. ಪ್ರೇಕ್ಷಕರ ಹಿಂದೆ 30 ಮೀಟರ್ ದೂರದಲ್ಲಿ ನಿಲ್ಲಿಸಿದ ಮೊಬೈಲಿಗೆ ಚೆಂಡೆಯ ಪೆಟ್ಟು ಕಾಣಿಸಿದ ಎರಡು ಫ್ರೇಮುಗಳ ನಂತರ ಕೇಳಿಸುತ್ತದೆ. ತಂತ್ರಾಂಶದ ಸ್ವಯಂಚಾಲಿತ ಸಿಂಕ್ ಎರಡು ಧ್ವನಿಗಳನ್ನು ಒಂದಕ್ಕೊಂದು ಹೊಂದಿಸುವುದರಿಂದ, ಹಿಮ್ಮೇಳದ ಪಕ್ಕದಲ್ಲಿಟ್ಟ ರೆಕಾರ್ಡರ್‌ನ ಶುದ್ಧ ಧ್ವನಿಗೂ ಮೊಬೈಲಿನ ಈ ತಡವನ್ನೇ ಅಂಟಿಸುತ್ತದೆ. ಅದಾದ ಮೇಲೆ ರೆಕಾರ್ಡರ್ ಟ್ರ್ಯಾಕನ್ನು ಎರಡು ಫ್ರೇಮ್ ಹಿಂದಕ್ಕೆಳೆಯಿರಿ, ಹೆಚ್ಚು ಎಳೆಯಬೇಡಿ. ಧ್ವನಿ ತುಸು ತಡವಾದರೆ ಮನುಷ್ಯ ಸಹಿಸುತ್ತಾನೆ. ಚಿತ್ರಕ್ಕಿಂತ ಮೊದಲೇ ಬಂದರೆ ಬಹಳ ಬೇಗ ಗುರುತಿಸುತ್ತಾನೆ.

ಅಂತರ ಸಮನಾಗಿ ಬೆಳೆಯುತ್ತಿದ್ದರೆ ಎರಡು ಗಡಿಯಾರಗಳ ಲೆಕ್ಕ ಬೇರೆಯಾಗಿದೆ ಎಂದರ್ಥ. ಗಂಟೆಗೆ ಸರಿಯಾಗಿ 3.6 ಸೆಕೆಂಡ್ ಜಾರಿದರೆ ಅನುಮಾನವೇ ಬೇಡ: ಸೆಕೆಂಡಿಗೆ 29.97 ಫ್ರೇಮಿನ ಕಡತವನ್ನು ನೀವು 30 ಎಂದೋ, 23.976ರದ್ದನ್ನು 24 ಎಂದೋ ತಂತ್ರಾಂಶಕ್ಕೆ ತಿಳಿಸಿದ್ದೀರಿ. ಕ್ಲಿಪ್‌ನ ಫ್ರೇಮ್ ರೇಟನ್ನು ತಿದ್ದಿ, ಧ್ವನಿಯನ್ನು ಮುಟ್ಟಬೇಡಿ. ಜಾರಿದ್ದು ಗಂಟೆಗೆ ಒಂದೆರಡು ಫ್ರೇಮ್ ಮಾತ್ರವಾದರೆ ಅದು ಉಪಕರಣಗಳೊಳಗೆ ಸಮಯ ಅಳೆಯುವ ಹರಳುಗಳ ಸಹಜ ವ್ಯತ್ಯಾಸ. ಹತ್ತು ಲಕ್ಷದಲ್ಲಿ 20 ಪಾಲು ತಪ್ಪುವ ಹರಳು ಗಂಟೆಗೆ 0.072 ಸೆಕೆಂಡ್, ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚು ದೂರ ಸರಿಯುತ್ತದೆ. ಪದ್ಯ ಮುಗಿದು ಅರ್ಥ (ಪಾತ್ರಧಾರಿಯ ಮಾತು) ಆರಂಭವಾಗುವ ಮೌನದಲ್ಲಿ ಧ್ವನಿಯನ್ನು ಕತ್ತರಿಸಿ ಮತ್ತೆ ಹೊಂದಿಸಿ. ಬಿಡ್ತಿಗೆಯ (ಚೆಂಡೆ-ಮದ್ದಳೆಯ ನುಡಿಸಾಣಿಕೆಯ) ನಡುವೆ ಎಂದೂ ಕತ್ತರಿಸಬೇಡಿ. ಹಲವು ವರ್ಷಗಳ ಹಿಂದೆ ನಾನು ಒಂದು ತಾಳಮದ್ದಳೆಯ ಮುದ್ರಣವನ್ನು ಸಿಕ್ಕಸಿಕ್ಕಲ್ಲಿ ತುಂಡರಿಸಿ ಹೊಂದಿಸಿ ಕೊಟ್ಟಿದ್ದೆ. ಭಾಗವತರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೇಳುತ್ತಿದ್ದವರು ಒಂದೆಡೆ ಬೆರಳು ನಿಲ್ಲಿಸಿ, “ಇಲ್ಲಿ ಒಂದು ಅಕ್ಷರ ತಪ್ಪಿದೆ ಮಾರಾಯರೆ” ಎಂದರು. ನಾನು ತೆಗೆದಿದ್ದದ್ದು ಕೆಲವೇ ಫ್ರೇಮುಗಳನ್ನು. ಅಂದಿನಿಂದ ತಾಳವಿರುವ ಜಾಗದಲ್ಲಿ ಕತ್ತರಿ ಇಡುವ ಮೊದಲು ತಾಳ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ಅಂತರ ಹೆಚ್ಚುತ್ತ ತಗ್ಗುತ್ತ ಇದ್ದರೆ, ಮೊಬೈಲ್ ಚಿತ್ರೀಕರಣದಲ್ಲಿ ಸಾಮಾನ್ಯವಾಗಿ ಕಾಣುವ ಕಾರಣ ಅಸ್ಥಿರ ಫ್ರೇಮ್ ರೇಟ್. ರಂಗದ ಮೇಲೆ ಬೆಳಕು ತಗ್ಗಿದಾಗ ಅಥವಾ ಫೋನ್ ಕಾದಾಗ ಮೊಬೈಲು ಸೆಕೆಂಡಿಗೆ 30 ಫ್ರೇಮ್ ಹಿಡಿಯುವ ಬದಲು 27ಕ್ಕೋ 24ಕ್ಕೋ ಇಳಿದು, ಪ್ರತಿ ಫ್ರೇಮಿನ ನಿಜವಾದ ಸಮಯವನ್ನು ಕಡತದೊಳಗೆ ಬರೆದಿಡುತ್ತದೆ. ವಿಎಲ್‌ಸಿಯಂಥ ಪ್ಲೇಯರ್ ಆ ಸಮಯವನ್ನು ಓದಿ ಸರಿಯಾಗಿ ತೋರಿಸುತ್ತದೆ. ಎಲ್ಲ ಫ್ರೇಮುಗಳೂ ಸಮಾನ ಅಂತರದಲ್ಲಿವೆ ಎಂದು ಭಾವಿಸುವ ಸಂಕಲನ ತಂತ್ರಾಂಶ ಎಡವುತ್ತದೆ. ಹಾಗಾಗಿ ಮೊಬೈಲಿನ ಕಡತ ಪ್ಲೇಯರ್‌ನಲ್ಲಿ ಸರಿಯಿದ್ದು, ಸಂಕಲನ ತಂತ್ರಾಂಶದ ಟೈಮ್‌ಲೈನಿನಲ್ಲಿ ಅದರದೇ ಧ್ವನಿಯೊಂದಿಗೆ ತಪ್ಪುತ್ತಿದ್ದರೆ ರೋಗ ಇದೇ. ಖಚಿತಪಡಿಸಿಕೊಳ್ಳಲು ಉಚಿತವಾದ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ಕಡತ ತೆರೆದು ಫ್ರೇಮ್ ರೇಟ್ ಮೋಡ್ ಎಂಬಲ್ಲಿ ವೇರಿಯಬಲ್ ಎಂದಿದೆಯೇ ನೋಡಿ.

ಇದ್ದರೆ, ಸಂಕಲನ ಆರಂಭಿಸುವ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತಕ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ (ಸ್ಥಿರ) ಫ್ರೇಮ್‌ರೇಟ್ ಆರಿಸಿ ಪರಿವರ್ತಿಸಿ. ಮೂಲ 30ರ ಆಸುಪಾಸಿನಲ್ಲಿದ್ದರೆ 30ನ್ನೇ ಕೊಡಿ; ನಮ್ಮ ದೇಶದ ಟಿವಿ 25 ಎಂಬ ಕಾರಣಕ್ಕೆ 25 ಕೊಟ್ಟರೆ ವೇಷಧಾರಿಯ ಪ್ರತಿ ಗಿರಕಿಯೂ ಕುಂಟುತ್ತದೆ. ಶಟರ್ ಎನ್‌ಕೋಡರ್ ಎಂಬ ಇನ್ನೊಂದು ಪರಿವರ್ತಕವನ್ನು ಬಳಸಿ ಪ್ರೋರೆಸ್‌ಗೆ (ಸಂಕಲನಕ್ಕೆಂದೇ ಇರುವ ವಿಡಿಯೊ ಮಾದರಿಗೆ) ಪರಿವರ್ತಿಸಿದರೆ ಕೆಲಸ ಇನ್ನೂ ಹಗುರ, ಆದರೆ ಪ್ರೋರೆಸ್ 422 ಫುಲ್ ಎಚ್‌ಡಿಯಲ್ಲಿ ಗಂಟೆಗೆ ಸುಮಾರು 66 ಜಿಬಿ ನುಂಗುತ್ತದೆ. ಮುಂದಿನ ಆಟಕ್ಕೆ ಹೋಗುವಾಗ ಐಫೋನಿನಲ್ಲಿ ಆಟೋ ಎಫ್‌ಪಿಎಸ್ (ಫ್ರೇಮ್ ರೇಟನ್ನು ಫೋನೇ ಬದಲಿಸುವ ಆಯ್ಕೆ) ಆಫ್ ಮಾಡಿಟ್ಟು ಹೋಗಿ. ಏರಿಳಿತ ಪೂರ್ತಿ ನಿಲ್ಲದಿದ್ದರೂ ಬಹಳ ತಗ್ಗುತ್ತದೆ.

ಕಡತವನ್ನು “ಸೆಟ್” ಮಾಡಿಕೊಡುತ್ತೇವೆ ಎಂದು ಹಣ ಪಡೆಯುವವರು ಮಾಡುವುದು ಧ್ವನಿಯ ವೇಗವನ್ನು ಅಂದಾಜಿನಲ್ಲಿ ಶೇಕಡ 99.9ಕ್ಕೆ ಇಳಿಸುವುದನ್ನು. ಅದರಿಂದ ಕೊನೆ ಕೂಡುತ್ತದೆ, ನಡು ಹಾಳಾಗುತ್ತದೆ. ಅವರಿಗೆ ಕಡತವನ್ನು ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿ ಮೂಲವನ್ನು ಅಳಿಸಿದವರ ಪತ್ರವೂ ಈ ಬಾರಿ ಬಂದಿದೆ. ಅಲ್ಲಿಂದ ಮರಳಿ ಬರುವುದು ಹಿಂಡಿ ಕುಗ್ಗಿಸಿದ ಪ್ರತಿ. ಅದರಿಂದ ಮೂಲವನ್ನು ಮತ್ತೆ ಪಡೆಯುವ ದಾರಿ ನನ್ನಲ್ಲಿಲ್ಲ.

ಪ್ರಶ್ನೆ: ಶೀರ್ಷಿಕೆಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬರುತ್ತವೆ.

ಉತ್ತರ: ಪ್ರೀಮಿಯರ್ ಪ್ರೊ ಸಂಕಲನ ತಂತ್ರಾಂಶದಲ್ಲಿ ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್‌ ಅನ್ನು ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್‌ಗೆ ಬದಲಿಸಿ, ಯೂನಿಕೋಡ್ ಫಾಂಟ್ ಬಳಸಿ, ಶೀರ್ಷಿಕೆಯನ್ನು ಹೊಸದಾಗಿ ಟೈಪ್ ಮಾಡಿ. ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿ ಅಕ್ಷರ ಜೋಡಿಸುವ ಉಪಾಯವನ್ನು ಇನ್ನೂ ಕಲಿಸುತ್ತಿರುವವರು ನಿಮ್ಮ ಉಪಶೀರ್ಷಿಕೆಗಳನ್ನು ಬೇರೆಲ್ಲೂ ಓದಲಾಗದಂತೆ ಮಾಡುತ್ತಿದ್ದಾರೆ.

ಪ್ರಶ್ನೆ: ಸಿನಿಮಾದ ಬಣ್ಣ ಕೊಡುವ ಲಟ್ ಪ್ಯಾಕ್ ಯಾವುದನ್ನು ಕೊಳ್ಳಲಿ?

ಉತ್ತರ: ಯಾವುದೂ ಬೇಡ, ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಕ್ಯಾಮೆರಾ ಹೊಂದಿಕೆ) ಸರಿಯಿಟ್ಟು ಚಿತ್ರೀಕರಿಸಿ.

ಪ್ರಶ್ನೆ: ಕ್ರ್ಯಾಕ್ ಮಾಡಿದ ತಂತ್ರಾಂಶದಲ್ಲಿ ಪ್ರಾಜೆಕ್ಟ್ ತೆರೆಯುತ್ತಿಲ್ಲ.

ಉತ್ತರ: ಇದಕ್ಕೆ ಉತ್ತರಿಸುವುದಿಲ್ಲ. ಡಾವಿಂಚಿ ರಿಸಾಲ್ವ್ ಸಂಕಲನ ತಂತ್ರಾಂಶದ ಉಚಿತ ಆವೃತ್ತಿ 3840×2160ರವರೆಗೆ ರಫ್ತು ಮಾಡುತ್ತದೆ.

ಪ್ರಶ್ನೆ: ಮೆಮೊರಿ ಕಾರ್ಡನ್ನು ಯಾವಾಗ ಅಳಿಸಬಹುದು?

ಉತ್ತರ: ಎರಡು ಬೇರೆ ಡಿಸ್ಕುಗಳಲ್ಲಿ ಪ್ರತಿ ಮಾಡಿ, ಎರಡರಲ್ಲೂ ಪ್ರತಿ ಕಡತವನ್ನು ತೆರೆದು ಕೊನೆಯ ನಿಮಿಷವನ್ನು ಓಡಿಸಿ ನೋಡಿದ ಮೇಲೆ. ನಾನು ಕೆಲಸ ಒಪ್ಪಿಸುವವರೆಗೂ ಅಳಿಸುವುದಿಲ್ಲ.